ಕರುವುಗಲ್ಲಿನ ಈಚೆ

ಕಡೂರು ಹತ್ತಿರವಾಗುತ್ತಿದ್ದ ಹಾಗೆ ಕಾರಿನ ಗಾಜು ಏರಿಸು ಎಂದು ಮಗನಿಗೆ ಹೇಳುವುದು ನನ್ನ ಹಳೆಯ ಅಭ್ಯಾಸ. ಅವನಿಗೆ ಕಾರಣ ಗೊತ್ತಿಲ್ಲ. ಅಮ್ಮ ಧೂಳಿಗೆ ಹೆದರುತ್ತಾಳೆ ಎಂದುಕೊಂಡಿದ್ದಾನೆ. ಈ ಸಲ ಅಜ್ಜಂಪುರದ ಕಡೆ ಒಂದು ಮದುವೆಗೆ ಹೊರಟಿದ್ದೆವು. ರೈಲ್ವೆ ಗೇಟು ಬಿದ್ದಿತ್ತು. ಗಾಜು ಏರುವಷ್ಟರಲ್ಲಿ ಎಲ್ಲಿಂದಲೋ ಒಣಕೊಬ್ಬರಿಯ ಕಮಟು ವಾಸನೆ ಒಳಗೆ ನುಗ್ಗಿಬಿಟ್ಟಿತು. ಈ ವಯಸ್ಸಿನಲ್ಲೂ ಆ ವಾಸನೆಗೆ ನನ್ನ ಕೈ ಪಕ್ಕದಲ್ಲಿ ಮಲಗಿರುವ ಕೂಸಿನ ಹಣೆಯನ್ನು ತಡಕುತ್ತದೆ, ಕೂಸೇ ಇಲ್ಲದಿದ್ದರೂ.

ಹಿಂದಿನ ಸೀಟಿನಲ್ಲಿ ಮೊಮ್ಮಗಳು ಪರೀಕ್ಷೆಗೆ ಉರು ಹೊಡೆಯುತ್ತಿದ್ದಳು. ಹಳ್ಳಿಗಳಲ್ಲಿ ಜನ ಕಡಿಮೆ, ಮುಖ್ಯ ಕಸುಬು ಬೇಸಾಯ. ಪಟ್ಟಣಗಳಲ್ಲಿ ಜನ ಹೆಚ್ಚು, ವ್ಯಾಪಾರ, ಆಡಳಿತ, ಆಸ್ಪತ್ರೆ, ಶಾಲೆ ಇತ್ಯಾದಿ ಸೇವೆಗಳು.

"ಇಷ್ಟೇನಾ ವ್ಯತ್ಯಾಸ?" ಎಂದೆ.

"ಇಷ್ಟಕ್ಕೇ ಫುಲ್ ಮಾರ್ಕ್ಸ್ ಕೊಡ್ತಾರೆ ಅಜ್ಜಿ, ಸುಮ್ನಿರು" ಎಂದಳು. ರೈಲು ಹೋಗುವವರೆಗೂ ಈ ಊರಿನಲ್ಲಿ ಕಂಡ ಒಂದು ಬೇಸಿಗೆಯನ್ನು ನೆನೆದೆ.

ಅರವತ್ತರ ದಶಕ ಆಗತಾನೇ ಶುರುವಾಗಿತ್ತು. ನನ್ನ ಯಜಮಾನರು ಕಡೂರಿನ ಒಂದು ಕೊಬ್ಬರಿ ಮಂಡಿಯಲ್ಲಿ ಗುಮಾಸ್ತರು. ಮಂಡಿಯ ಹಿಂದೆ ಒಂದು ಸಾಲುಮನೆ. ಐದು ಬಾಗಿಲು, ಒಂದೇ ಉದ್ದನೆಯ ಜಗಲಿ, ಎಲ್ಲರಿಗೂ ಸೇರಿ ಒಂದು ನಲ್ಲಿ. ಅದರಲ್ಲಿ ನಡುವಿನ ಬಾಗಿಲು ನಮ್ಮದು. ನಾನು ಬುಕ್ಕಾಂಬುಧಿ ಕಡೆಯ ಹಳ್ಳಿಯವಳು. ಸಮುದ್ರದಂಥ ಆ ಕೆರೆ ನೋಡಿ ಬೆಳೆದವಳಿಗೆ ನಲ್ಲಿಯ ಮುಂದೆ ಬಿಂದಿಗೆ ಸಾಲಿಟ್ಟು ಕಾಯುವುದು ಮೊದಮೊದಲು ನಗು ತರಿಸುತ್ತಿತ್ತು. ಆಮೇಲೆ ನಾನೂ ಬಿಂದಿಗೆಗಾಗಿ ಜಗಳವಾಡುವಷ್ಟು ಪೇಟೆಯವಳಾದೆ. ದೀಪ, ಆಸ್ಪತ್ರೆ, ರೈಲು ಎಲ್ಲ ಇತ್ತು. ಕೆಮ್ಮಿದರೆ ಗೋಡೆಯಾಚೆಯವರಿಗೆ ಕೇಳಿಸುತ್ತಿತ್ತು, ಆದರೆ ಯಾಕೆ ಕೆಮ್ಮಿದೆ ಎಂದು ಯಾರೂ ಕೇಳುತ್ತಿರಲಿಲ್ಲ.

ಯುಗಾದಿಗೆ ಮೊದಲೇ ಯಜಮಾನರನ್ನು ಮಂಡಿಯವರು ತಿಪಟೂರಿಗೆ ಕಳಿಸಿದ್ದರು. ನಾನು, ನನ್ನ ಮಗಳು ಪುಟ್ಟಿ ಇಬ್ಬರೇ. ಪುಟ್ಟಿಗೆ ಆಗ ಒಂದೂವರೆ ವರ್ಷ. ಹಬ್ಬ ಕಳೆದ ಕೆಲವೇ ದಿನಕ್ಕೆ ಅವಳ ಮೈ ಕಾದ ಹಂಚಿನಂತೆ ಸುಡತೊಡಗಿತು. ಹಲ್ಲು ಬರುವ ಜ್ವರ ಎಂದುಕೊಂಡೆ. ಮೂರನೆಯ ಬೆಳಿಗ್ಗೆ ಹಣೆಯ ಮೇಲೆ, ಮುಂಗೈ ಮೇಲೆ ಕೆಂಪು ಗುಳ್ಳೆ ಕಂಡವು. ನಮ್ಮೂರಲ್ಲಿ ಹುಟ್ಟಿದವರಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಸಿಡುಬು. ಆದರೆ ಆ ಮಾತನ್ನು ಬಾಯಲ್ಲಿ ಆಡಬಾರದು. ಅಮ್ಮ ಬಂದಿದ್ದಾಳೆ ಎನ್ನಬೇಕು, ಅದನ್ನೂ ಮೆಲ್ಲಗೆ.

ಪುಟ್ಟಿಗೆ ಸಿಡುಬಿನ ದಾಕು, ಅಂದರೆ ಲಸಿಕೆ, ಹಾಕಿಸಿರಲಿಲ್ಲ. ಅವಳು ನನ್ನ ತವರಲ್ಲಿ ಹುಟ್ಟಿದವಳು. ದಾಕು ಹಾಕುವವರು ಊರಿಗೆ ಬಂದ ದಿನ ಕೇರಿಯ ಹೆಂಗಸರೆಲ್ಲ ತಂತಮ್ಮ ಕೂಸುಗಳನ್ನು ಬಚ್ಚಿಟ್ಟರು. ನಮ್ಮವ್ವ ಬಾಣಂತಿಯಾಗಿದ್ದ ನನ್ನ ಪಕ್ಕದಿಂದ ಪುಟ್ಟಿಯನ್ನು ಎತ್ತಿಕೊಂಡು ರಾಗಿ ಅಟ್ಟ ಹತ್ತಿ ಕೂತಿದ್ದಳು. ಪೇಟೆಗೆ ಬಂದ ಮೇಲೆ, ಹಳ್ಳಿಯಲ್ಲೇ ಹಾಕಿಸಿರುತ್ತಾರೆ ಎಂದು ಇಲ್ಲಿಯವರು ಅಂದುಕೊಂಡರು. ಪೇಟೆಯಲ್ಲಿ ಹಾಕಿಸಿಕೊಳ್ಳುತ್ತಾರೆ ಎಂದು ಅಲ್ಲಿಯವರು ಅಂದುಕೊಂಡರು. ಕೂಸು ಎರಡರ ನಡುವೆ ಬಿತ್ತು.

ಆ ಬೆಳಿಗ್ಗೆ ನಾನು ಮಾಡಿದ್ದು ನಮ್ಮೂರಲ್ಲಿ ಯಾರಾದರೂ ಮಾಡುವಂಥದ್ದೇ. ಬೇವಿನ ಸೊಪ್ಪು ತಂದು ಬಾಗಿಲಿಗೆ ಕಟ್ಟಿದೆ. ಊರಲ್ಲಾದರೆ ಅಷ್ಟು ಸಾಕು. ಸೊಪ್ಪು ಕಂಡ ಗಳಿಗೆಯಿಂದ ಕೇರಿಯ ಯಾವ ಮನೆಯಲ್ಲೂ ಒಗ್ಗರಣೆ ಹಾಕುವುದಿಲ್ಲ, ಮೆಣಸಿನಕಾಯಿ ಹುರಿಯುವುದಿಲ್ಲ. ಹೊರಗಿನವರು ಹೊಸ್ತಿಲು ತುಳಿಯುವುದಿಲ್ಲ. ಅಂಬಲಿಯೋ ಮಜ್ಜಿಗೆಯೋ ಎಳನೀರೋ, ಯಾರದೋ ಮನೆಯಿಂದ ಬಂದು ಜಗಲಿಯ ತುದಿಯಲ್ಲಿ ಕೂತಿರುತ್ತದೆ. ಯಾರೂ ಯಾರಿಗೂ ಹೇಳುವುದಿಲ್ಲ. ನಾನೂ ಬಾಗಿಲು ಮುಂದೆ ಮಾಡಿಕೊಂಡು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕಾದೆ.

ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯ ಸರೋಜಮ್ಮನ ಬಾಣಲೆಯಲ್ಲಿ ಸಾಸಿವೆ ಚಟಪಟ ಎಂದಿತು. ಒಣಮೆಣಸಿನಕಾಯಿಯ ಘಾಟು ಗೋಡೆಯ ಮೇಲಿಂದ ಇಳಿದು ಬಂತು. ಕೂಸು ಕೆಮ್ಮಿತು. ಅಮ್ಮ ಮುನಿದರೆ ಏನು ಗತಿ? ಬಾಗಿಲು ತೆರೆದು ಆಚೆ ನೋಡಿದೆ. ಸರೋಜಮ್ಮ ಜಗಲಿಗೆ ಬಂದವರು ಸೊಪ್ಪನ್ನು ನೋಡಿ ನಗುತ್ತಾ, "ಏನ್ ಗೌರಮ್ಮ, ಯುಗಾದಿ ತೋರಣ ಇನ್ನೂ ತೆಗೆದಿಲ್ವಾ? ಹಬ್ಬ ಮುಗಿದೇಹೋಯ್ತಲ್ರೀ" ಎಂದರು.

ಒಳ್ಳೆಯ ಹೆಂಗಸು, ಹಾಸ್ಯಕ್ಕೇನೂ ಅಂದದ್ದಲ್ಲ. ಅವರು ಬೆಂಗಳೂರು ಕಡೆಯವರು, ಆಚೆ ಮನೆಯವರು ಹುಬ್ಬಳ್ಳಿ ಕಡೆಯವರು, ತುದಿ ಮನೆಯಲ್ಲಿ ರೈಲ್ವೆಯವರು. ಗೋಡೆ ಹಂಚಿಕೊಂಡ ಆ ನಾಲ್ಕು ಮನೆಗಳಲ್ಲಿ ನನ್ನ ಬೇವಿನ ಸೊಪ್ಪು ಓದಬಲ್ಲವರು ಒಬ್ಬರೂ ಇರಲಿಲ್ಲ. ಪೇಟೆಯಲ್ಲಿ ಬಾಯಿಬಿಟ್ಟು ಹೇಳದ ಕಷ್ಟ ಕಷ್ಟವೇ ಅಲ್ಲ. ಕೊನೆಗೆ ಹೇಳಿದೆ. ಅಮ್ಮ ಎಂದರೆ ಅವರಿಗೆ ತಿಳಿಯಲಿಲ್ಲ. ಸಿಡುಬು ಎಂದೇ ಹೇಳಬೇಕಾಯಿತು.

ಒಂದರ ಹಿಂದೊಂದು ಬಾಗಿಲು ಮುಚ್ಚಿದವು. ಅವರ ತಪ್ಪಲ್ಲ, ಎಲ್ಲರ ಮನೆಯಲ್ಲೂ ಮಕ್ಕಳಿದ್ದವು. ನಲ್ಲಿಗೆ ಹೋಗಬೇಡ, ಬಿಂದಿಗೆ ಇಟ್ಟರೆ ನಾವೇ ತುಂಬಿಸುತ್ತೇವೆ ಎಂದು ಸರೋಜಮ್ಮ ಕಿಟಕಿಯಿಂದ ಹೇಳಿದರು. ಮಧ್ಯಾಹ್ನ ಮನೆಯ ಮಾಲೀಕರು ಬೀದಿಯ ಆ ಬದಿಯಲ್ಲೇ ನಿಂತು ಕೂಗಿದರು: "ಹೆಲ್ತ್ ಇನ್ಸ್‌ಪೆಕ್ಟರ್‌ಗೆ ಹೇಳಿ ಕಳಿಸಿದೀನಿ ಕಣಮ್ಮ. ನಾಳೆ ಬರ್ತಾರಂತೆ. ಮಗೂನ ಶೆಡ್ಡಿಗೆ ಸಾಗಿಸ್ತಾರೆ. ಕಾನೂನು ಅದು, ನಾನೇನೂ ಮಾಡೋಹಂಗಿಲ್ಲ."

ಊರ ಹೊರಗೆ ಅಂಟುರೋಗದವರಿಗೆಂದು ತಗಡಿನ ಶೆಡ್ಡೊಂದಿತ್ತು. ಅದನ್ನು ನಾನು ಕಂಡಿರಲಿಲ್ಲ, ಅದರ ಮಾತು ಮಾತ್ರ ಕೇಳಿದ್ದೆ. ಅಲ್ಲಿ ತಾಯಿಯನ್ನು ಒಳಗೆ ಬಿಡುವುದಿಲ್ಲವಂತೆ, ಮಕ್ಕಳು ಅತ್ತು ಅತ್ತು ಸುಮ್ಮನಾಗುತ್ತವಂತೆ. ನಲ್ಲಿಯ ಹತ್ತಿರ ಆಡಿದ ಮಾತು. ಬೇರೆ ದಿನವಾಗಿದ್ದರೆ ಅರ್ಧ ನಂಬುತ್ತಿದ್ದೆ. ಅವತ್ತು ಪೂರ್ತಿ ನಂಬಿದೆ. ಕೂಸು ಕಣ್ಣು ಬಿಟ್ಟರೆ ನನ್ನ ಮುಖ ಕಾಣಬೇಕು, ಅಷ್ಟೇ ನನ್ನ ತಲೆಯಲ್ಲಿದ್ದದ್ದು.

ಅವತ್ತು ಮಂಡಿಗೆ ನಮ್ಮೂರಿನ ಸಿದ್ದಣ್ಣ ಕೊಬ್ಬರಿ ಇಳಿಸಿ ಖಾಲಿ ಗಾಡಿ ತಿರುಗಿಸುತ್ತಿದ್ದ. ಅವನ ಮುಖದ ತುಂಬ ಸಿಡುಬಿನ ಕಲೆ. ಬಾಗಿಲ ಸೊಪ್ಪನ್ನು ದೂರದಿಂದಲೇ ನೋಡಿ ಅವನು ಗಾಡಿ ನಿಲ್ಲಿಸಿದ. ಏನು, ಯಾರಿಗೆ ಎಂದು ಒಂದು ಮಾತೂ ಕೇಳಲಿಲ್ಲ.

"ಹತ್ಕಳವ್ವ" ಎಂದ. "ನಂಗೆ ಬಂದು ಹೋಗೈತೆ, ಇನ್ ಬರಾಕಿಲ್ಲ. ಊರಿಗೆ ಕರ್ಕೊಂಡ್ ಹೋಗ್ತೀನಿ."

ನನಗೆ ಹೆಣ್ಣುಮಕ್ಕಳ ಶಾಲೆಯಲ್ಲಿ ಬಲವಂತವಾಗಿ ದಾಕು ಹಾಕಿದ್ದರು. ತೋಳಿನ ಮೇಲಿನ ಆ ಗುಂಡು ಕಲೆಯನ್ನು ಒಮ್ಮೆ ಮುಟ್ಟಿ ನೋಡಿಕೊಂಡು ಗಾಡಿ ಹತ್ತಿದೆ. ಹುಲ್ಲಿನ ಮೇಲೆ ಬಾಳೆಲೆ ಹಾಸಿ ಕೂಸನ್ನು ಮಲಗಿಸಿದೆ. ಬೀರೂರು ದಾಟಿ, ಅಜ್ಜಂಪುರದ ದಾರಿ ಹಿಡಿದು ಗಾಡಿ ನಡೆಯಿತು. ಸಿದ್ದಣ್ಣ ಹೊಂಡ ಕಂಡಲ್ಲೆಲ್ಲ ಇಳಿದು ಎತ್ತುಗಳ ಮೂಗುದಾರ ಹಿಡಿದು ನಡೆಸಿದ. ದಾರಿಯುದ್ದಕ್ಕೂ ನನಗೆ ಒಂದೇ ಧೈರ್ಯ. ಊರು ಮುಟ್ಟಿದರೆ ಸಾಕು, ಅಲ್ಲಿ ಹೇಳಬೇಕಾಗಿಲ್ಲ, ಎಲ್ಲರಿಗೂ ಎಲ್ಲ ತಿಳಿಯುತ್ತದೆ.

ಎಲ್ಲ ತಿಳಿಯುತ್ತದೆ ಎಂಬುದರ ಇನ್ನೊಂದು ಮುಖವನ್ನು ನಾನು ಮರೆತಿದ್ದೆ.

ಮರುದಿನ ಹೊತ್ತೇರಿದಾಗ ಊರ ಮುಂದೆ ಬಂದೆವು. ಅಲ್ಲಿ ಕರುವುಗಲ್ಲು ಇದೆ. ಊರು ಕಟ್ಟಿದ ದಿನ ಬಾಗಿಲಲ್ಲಿ ನಿಲ್ಲಿಸಿದ ಕಲ್ಲು, ಅದಕ್ಕೆ ಅರಿಶಿನ ಕುಂಕುಮ. ಸಿದ್ದಣ್ಣ ಅದರ ಈಚೆಗೇ ಗಾಡಿ ನಿಲ್ಲಿಸಿ, ಕೊರಳೆತ್ತಿ ಒಂದು ಕೂಗು ಹಾಕಿದ. ಊರಿಗೆ ಊರೇ ಬಂತು. ಬಂದು ಕಲ್ಲಿನ ಆಚೆ ನಿಂತಿತು. ಅವ್ವ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಅಪ್ಪಯ್ಯ ಎಲ್ಲರಿಗಿಂತ ಮುಂದೆ, ಕಲ್ಲಿಗೆ ಕೈ ತಾಗುವಷ್ಟು ಹತ್ತಿರ ನಿಂತಿದ್ದರು.

ಹೊರಗಿನಿಂದ ಬರುವ ಅಮ್ಮನನ್ನು ಊರೊಳಗೆ ಬಿಟ್ಟುಕೊಳ್ಳುವ ಹಾಗಿಲ್ಲ. ಊರಲ್ಲೇ ಎದ್ದರೆ ಬೇರೆ ಮಾತು, ಆಗ ಆ ಮನೆಯನ್ನು ಊರು ಸಾಕುತ್ತದೆ. ಹೊರಗಿಂದ ಬಂದರೆ ಕಲ್ಲಿನ ಹೊರಗೇ ಇರಬೇಕು. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಹಿಂದಿನ ವರ್ಷವಷ್ಟೇ ಲಕ್ಕವಳ್ಳಿ ಅಣೆಕಟ್ಟಿನ ಕೆಲಸಕ್ಕೆ ಹೋಗಿದ್ದ ಒಂದು ಸಂಸಾರ ಹೀಗೇ ಮಗುವನ್ನು ಎತ್ತಿಕೊಂಡು ಬಂದಾಗ, ಅವರನ್ನು ಇದೇ ಕಲ್ಲಿನ ಹತ್ತಿರ ತಡೆದವರು ನಮ್ಮ ಅಪ್ಪಯ್ಯನೇ. ಊರಿನ ನಾಲ್ಕು ಹಿರಿಯರಲ್ಲಿ ಅವರೊಬ್ಬರು. ಆದರೆ ಆ ಕಟ್ಟಳೆ ನನಗೂ ಉಂಟು ಎಂದು ನನಗೆ ಹೊಳೆದಿರಲೇ ಇಲ್ಲ. ತವರು ಎಂದರೆ ಯಾವ ಹೆಣ್ಣಿಗೆ ತಾನೇ ಹೊಳೆಯುತ್ತದೆ?

"ಒಳಕ್ ಬರಬ್ಯಾಡ ಕಣವ್ವ" ಎಂದರು ಅಪ್ಪಯ್ಯ. ದನಿ ಎಂದಿನಂತೆಯೇ ಇತ್ತು. "ಊರಾಗೆ ಹದಿನೈದಿಪ್ಪತ್ತು ಕಂಕುಳ ಕೂಸವೆ."

ನಾನು ಗಾಡಿಯಿಂದ ಇಳಿದಿದ್ದವಳು ಅಲ್ಲೇ ನೆಲದ ಮೇಲೆ ಕೂತೆ. ಪೇಟೆಯಲ್ಲಿ ನಾಲ್ಕು ಬಾಗಿಲು ಮುಚ್ಚಿದಾಗ ಬರದ ಅಳು ಆಗ ಬಂತು. ಅಪ್ಪಯ್ಯ ತಿರುಗಿ ಊರೊಳಗೆ ನಡೆದರು. ಅವರ ಬೆನ್ನು ನೋಡಿ ನನಗೆ ಬಂದ ಸಿಟ್ಟನ್ನು ಈಗ ಹೇಳಿದರೂ ನಾಲಗೆ ಕಹಿಯಾಗುತ್ತದೆ. ಮುಂದೆ ಎಲ್ಲಿಗೆ? ತಗಡಿನ ಶೆಡ್ಡಿಗೇ ಹೋಗಬೇಕೇ? ಅಲ್ಲಿಯವರೆಗೆ ಕೂಸು ಉಳಿಯುತ್ತದೆಯೇ?

ಅಪ್ಪಯ್ಯ ವಾಪಸು ಬಂದರು. ಹೆಗಲ ಮೇಲೆ ಎರಡು ಕಂಬಳಿ, ಕೈಯಲ್ಲಿ ಒಂದು ಮಡಕೆ, ಕಂಕುಳಲ್ಲಿ ಬೇವಿನ ಸೊಪ್ಪಿನ ಹೊರೆ. ಸೊಂಟದಿಂದ ಬೀಗದ ಕೈ ಬಿಚ್ಚಿ ಅವ್ವನ ಕೈಗೆ ಕೊಟ್ಟರು. ಯಾರಿಗೂ ಏನೂ ಹೇಳದೆ ಕಲ್ಲು ದಾಟಿ ನಮ್ಮ ಕಡೆಗೆ ಬಂದು ನಿಂತರು. ಹಾಗೆ ದಾಟಿದವರು ಅಮ್ಮ ಇಳಿದು ಹೋಗುವವರೆಗೂ ಒಳಗೆ ಕಾಲಿಡುವಂತಿಲ್ಲ.

"ನಂಗೆ ಚಿಕ್ಕವನಿದ್ದಾಗ್ಲೇ ಬಂದ್ ಹೋಗೈತೆ" ಎಂದು ದವಡೆಯ ಮೇಲಿದ್ದ ಎರಡು ಗುಳಿಗಳನ್ನು ತೋರಿಸಿದರು. "ಏನೂ ಆಗಾಕಿಲ್ಲ. ಕೂಸ್ನ ಇತ್ತ ಕೊಡು."

ಊರ ಹೊರಗಿನ ಹುಣಸೆಮರದ ಕೆಳಗೆ ನಮ್ಮದೇ ಕಣ ಇತ್ತು, ಅದರ ಬದಿಗೆ ಒಂದು ಗುಡಿಸಲು. ಅದೇ ನಮ್ಮ ಮನೆಯಾಯಿತು. ಸಿದ್ದಣ್ಣ ತಾನೂ ಊರೊಳಗೆ ಹೋಗದೆ ಗಾಡಿ ತಿರುಗಿಸಿಕೊಂಡು ಹೋದ. ಕರುವುಗಲ್ಲು ಅಲ್ಲಿಗೆ ಕಾಣುತ್ತಿತ್ತು. ಬೆಳಿಗ್ಗೆ ಎದ್ದು ನೋಡಿದರೆ ಕಲ್ಲಿನ ಬುಡದಲ್ಲಿ ಅಂಬಲಿಯ ಗಡಿಗೆ, ಮಜ್ಜಿಗೆ, ಒಗೆದು ಮೆದುವಾದ ಹಳೇ ಸೀರೆಯ ತುಂಡುಗಳು. ಒಂದೊಂದು ದಿನ ಒಂದೊಂದು ಮನೆಯದು. ಇಟ್ಟವರು ದೂರ ಸರಿದು, ನಾನು ಎತ್ತಿಕೊಳ್ಳುವವರೆಗೂ ನಿಂತು ನೋಡಿ ಹೋಗುತ್ತಿದ್ದರು. ಇಡೀ ಊರಲ್ಲಿ ಒಗ್ಗರಣೆ ನಿಂತಿತ್ತು. ಗಾಳಿ ಊರ ಕಡೆಯಿಂದ ಬೀಸಿದರೂ ಒಂದು ಸಾಸಿವೆಯ ವಾಸನೆ ಇಲ್ಲ. ಒಳಗೂ ಬಿಡದ, ಕೈಯೂ ಬಿಡದ ಆ ಜನವನ್ನು ಬಯ್ಯಬೇಕೋ ಕೈ ಮುಗಿಯಬೇಕೋ ನನಗೆ ತಿಳಿಯದಾಯಿತು. ಎರಡನ್ನೂ ಮಾಡಿದೆ.

ಪುಟ್ಟಿಯ ಗುಳ್ಳೆಗಳು ಕೀವು ತುಂಬಿ ಒಂದಕ್ಕೊಂದು ಕೂಡಿಕೊಂಡವು. ರೆಪ್ಪೆ ಊದಿ ಕಣ್ಣು ಮುಚ್ಚಿತು. ಹಾಲು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಅಪ್ಪಯ್ಯ ಬೇವಿನ ಕಡ್ಡಿಯಿಂದ ನೊಣ ಓಡಿಸುತ್ತಾ, ಅವಳು ಕೆರೆದುಕೊಳ್ಳದಂತೆ ಎರಡೂ ಪುಟ್ಟ ಕೈಗಳನ್ನು ತಮ್ಮ ಒಂದೇ ಅಂಗೈಯಲ್ಲಿ ಹಿಡಿದು ಕೂರುತ್ತಿದ್ದರು. ನಾನು ಉಸಿರು ಎಣಿಸುತ್ತಿದ್ದೆ. ಒಂದು ಉಸಿರಿಗೂ ಇನ್ನೊಂದಕ್ಕೂ ನಡುವೆ ನನ್ನದು ನಿಲ್ಲುತ್ತಿತ್ತು. ಕಣ್ಣು ಹೋದರೂ ಹೋಗಲಿ, ಕೂಸು ಉಳಿಯಲಿ ಎಂದು ಒಂದು ಗಳಿಗೆ ಬೇಡಿಕೊಳ್ಳುತ್ತಿದ್ದೆ. ಮರುಗಳಿಗೆ, ಅಯ್ಯೋ, ಕಣ್ಣು ಯಾಕೆ ಬಿಟ್ಟುಕೊಟ್ಟೆ ಎಂದು ಬೆದರುತ್ತಿದ್ದೆ.

ಹೀಗಿರುವಾಗ ಒಂದು ಬೆಳಿಗ್ಗೆ ಅಜ್ಜಂಪುರದ ದಾರಿಯಲ್ಲಿ ಸೈಕಲ್ಲೊಂದು ಕಾಣಿಸಿತು. ತುಳಿಯುತ್ತಿದ್ದವರು ಖಾಕಿ ಟೋಪಿಯವರು, ಹಿಂದೆ ಕ್ಯಾರಿಯರ್ ಮೇಲೆ ನನ್ನ ಯಜಮಾನರು. ತಿಪಟೂರಿನಿಂದ ಬಂದು ಬೀಗ ನೋಡಿ, ಸರೋಜಮ್ಮನನ್ನು ಕೇಳಿ, ಇನ್ಸ್‌ಪೆಕ್ಟರ್ ಜೊತೆಗೇ ಹೊರಟು ಬಂದಿದ್ದರು. ನಾನು ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಗುಡಿಸಲ ಮೂಲೆಗೆ ಸರಿದೆ. ಶೆಡ್ಡಿಗೆ ಕೊಡುವುದಿಲ್ಲ ಎಂದೆ.

ಇನ್ಸ್‌ಪೆಕ್ಟರು ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತು ಬೆವರು ಒರೆಸಿಕೊಂಡರು. "ಯಾರಮ್ಮ ಹೇಳಿದ್ದು ನಿಮಗೆ? ತಾಯಿನ ಬಿಟ್ಟು ಕೈಗೂಸನ್ನ ಯಾರು ಇಟ್ಕೋತಾರೆ? ಅಲ್ಲಿ ನೀವೂ ಇರಬಹುದಿತ್ತು. ಡಾಕ್ಟ್ರು ದಿನಾ ಬಂದು ನೋಡ್ತಿದ್ರು." ಬಯ್ಯುತ್ತಲೇ ಕೂಸಿನ ರೆಪ್ಪೆಯನ್ನು ಮೆಲ್ಲಗೆ ಬಿಡಿಸಿ ನೋಡಿದರು. ಕಣ್ಣುಗುಡ್ಡೆ ತಿಳಿಯಾಗಿದೆ ಎಂದರು. ಕಣ್ಣಿಗೆ ಹಾಕಲು ಮುಲಾಮು ಕೊಟ್ಟರು. ನನಗೆ ಅವರ ಕಾಲು ಹಿಡಿಯಬೇಕೆನ್ನಿಸಿತು.

ಆಮೇಲೆ ನಮ್ಮ ತೋಳು ನೋಡತೊಡಗಿದರು. ಯಜಮಾನರಿಗೂ ನನಗೂ ದಾಕಿನ ಕಲೆ ಇತ್ತು. ಅಪ್ಪಯ್ಯನ ತೋಳು ನುಣ್ಣಗಿತ್ತು.

"ನಂಗೆ ಬ್ಯಾಡ ಸ್ವಾಮಿ" ಎಂದರು ಅಪ್ಪಯ್ಯ. "ಬಂದ್ ಹೋಗೈತೆ. ನೋಡಿ, ಇಲ್ಲಿ ಕಲೆ."

ಅಷ್ಟರಲ್ಲಿ ಊರಿನವರು ಕಲ್ಲಿನ ಹತ್ತಿರ ಗುಂಪುಗೂಡಿದ್ದರು. ಅವರ ನಡುವಿನಿಂದ ನಮ್ಮವ್ವನ ದನಿ ಬಂತು. ಗಂಡನ ಎದುರು ನಾಲ್ಕು ಜನರ ಮಧ್ಯೆ ಅವಳು ಬಾಯಿ ಬಿಟ್ಟದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

"ಸುಳ್ಳು ಸ್ವಾಮಿ ಅದು. ಅವ್ರಿಗೆ ಬಂದೇ ಇಲ್ಲ. ದವಡೆ ಮ್ಯಾಲಿರೋದು ಆಲೆಮನೇಲಿ ಬೆಲ್ಲದ ಪಾಕ ಸಿಡಿದ ಕಲೆ. ಊರಿಗೆಲ್ಲ ಗೊತ್ತೈತೆ, ಕೇಳಿ ಬೇಕಾದ್ರೆ."

ಯಾರಿಗೆ ಅಮ್ಮ ಬಂದಿದ್ದಳು, ಯಾರಿಗೆ ಇಲ್ಲ ಎಂಬುದು ಅಲ್ಲಿ ಪ್ರತಿಯೊಬ್ಬರಿಗೂ ಗೊತ್ತು. ಅಪ್ಪಯ್ಯ ಕಲ್ಲು ದಾಟಿದ ದಿನವೂ ಗೊತ್ತಿತ್ತು. ತಡೆಯಬಾರದು ಎಂದು ತಡೆದಿರಲಿಲ್ಲ. ನಾನು ಹುಟ್ಟುವ ಮುಂಚಿನ ಕಲೆ ಅದು, ಗೊತ್ತಿಲ್ಲದವಳು ನಾನೊಬ್ಬಳೇ.

ಅಪ್ಪಯ್ಯ ನನ್ನ ಕಡೆ ನೋಡಲಿಲ್ಲ. ಅಂಗಿಯ ತೋಳು ಮೇಲೆ ಸರಿಸಿ, "ಭಾಳ ನೋಯ್ತದಾ?" ಎಂದು ಇನ್ಸ್‌ಪೆಕ್ಟರನ್ನು ಕೇಳಿದರು.

ತಡವಾಗಿದೆ, ಆದರೂ ಹಾಕುತ್ತೇನೆ, ಇನ್ನೆರಡು ವಾರ ಕಾದು ನೋಡಬೇಕು ಎಂದರು ಇನ್ಸ್‌ಪೆಕ್ಟರು. ಅಂದೇ ಕಲ್ಲಿನ ಬಳಿ ಊರಿನ ಕೂಸುಗಳಿಗೆಲ್ಲ ದಾಕು ಹಾಕಿದರು. ಹಿಂದೆ ಕೂಸನ್ನೆತ್ತಿಕೊಂಡು ಅಟ್ಟ ಹತ್ತಿ ಕೂತಿದ್ದ ನಮ್ಮವ್ವನೇ ಮನೆಮನೆಗೆ ಹೋಗಿ ಮಕ್ಕಳನ್ನು ಎಳೆದು ತಂದಳು.

ಪುಟ್ಟಿಯ ಗುಳ್ಳೆ ಒಣಗತೊಡಗಿತು. ಒಂದು ಬೆಳಿಗ್ಗೆ ಅವಳ ಎಡಗಣ್ಣು ಸೀಳಿನಷ್ಟು ತೆರೆಯಿತು, ಆಮೇಲೆ ಬಲಗಣ್ಣು. ನನ್ನ ಮುಖ ನೋಡಿ ಹಾಲು ಕೇಳಿದಳು. ಖುಷಿಪಡುವ ಹಾಗಿರಲಿಲ್ಲ, ಭಯ ಅಲ್ಲಿಂದ ಎದ್ದು ಅಪ್ಪಯ್ಯನ ಮೇಲೆ ಕೂತಿತ್ತು. ಅವರು ಆಕಳಿಸಿದರೆ ಹೆದರಿಕೆ, ಊಟ ಕಡಿಮೆ ಮಾಡಿದರೆ ಹೆದರಿಕೆ. ಒಂದು ದಿನ ಬಿರುಬಿಸಿಲಿನಲ್ಲಿ ಕಂಬಳಿ ಹೊದ್ದು ಕಣದ ಅಂಚಿನಲ್ಲಿ ಕೂತಿದ್ದರು. ಯಾಕೆ ಎಂದರೆ, "ಸುಮ್ನೆ, ಹಕ್ಕಿ ನೋಡ್ತಾ" ಎಂದರು. ಹಣೆ ಮುಟ್ಟಿದೆ, ಸುಡುತ್ತಿತ್ತು. ಯಜಮಾನರು ಅಜ್ಜಂಪುರಕ್ಕೆ ಓಡಿದರು. ಅವ್ವ ಕಲ್ಲಿನ ಆಚೆ ನೆಲದ ಮೇಲೆ ಕೂತವಳು ಊಟಕ್ಕೂ ಏಳಲಿಲ್ಲ. ಮೂರು ದಿನ ಜ್ವರ. ಮುಂಗೈ ಮೇಲೆ ಹತ್ತಾರು ಗುಳ್ಳೆ ಎದ್ದವು. ಇನ್ನೂ ಏಳುತ್ತವೆ ಎಂದು ಕಾದೆವು. ಏಳಲಿಲ್ಲ. ದಾಕು ಅಷ್ಟರಮಟ್ಟಿಗೆ ಹಿಡಿದಿತ್ತು.

"ಈಗ ನಿಜ್ವಾಗ್ಲೂ ಬಂದ್ ಹೋಯ್ತು" ಎಂದು ಅಪ್ಪಯ್ಯ ಮುಂಗೈ ತಿರುಗಿಸಿ ನೋಡಿಕೊಂಡರು.

ಹಕ್ಕಳೆ ಉದುರಿದ ಮೇಲೆ ಊರಿನವರು ಅರಿಶಿನದ ನೀರು, ಬೇವಿನ ಸೊಪ್ಪು, ಒಗೆದ ಬಟ್ಟೆ ತಂದು ಕಲ್ಲಿನ ಹತ್ತಿರ ಇಟ್ಟರು. ಮೈ ತೊಳೆದುಕೊಂಡೆವು. ಹಿರಿಯರೊಬ್ಬರು ಇನ್ನು ಬನ್ನಿ ಎಂದು ಕೈಮಾಡಿದರು. ಮೊದಲ ಮಳೆಗೆ ಕಾದ ಮೋಡ ಕೆರೆಯ ಮೇಲೆ ಕಟ್ಟಿತ್ತು. ಅಪ್ಪಯ್ಯ ಪುಟ್ಟಿಯನ್ನು ಎತ್ತಿಕೊಂಡು ಮುಂದೆ ನಡೆದರು. ಅಷ್ಟು ದಿನ ಕೇಳದೆ ನುಂಗಿಕೊಂಡಿದ್ದನ್ನು ನಾನು ಆಗ ಕೇಳಿದೆ. "ಯಾಕಪ್ಪಯ್ಯ ನಂಗೆ ಸುಳ್ ಹೇಳಿದ್ರಿ?"

ಅವರು ನಿಲ್ಲಲಿಲ್ಲ. ಕಲೆ ಬಿದ್ದ ಪುಟ್ಟಿಯ ಕೆನ್ನೆ ಅವರ ಹೆಗಲ ಮೇಲಿತ್ತು.

"ನಿಜ ಹೇಳಿದ್ರೆ ನೀನು ನನ್ನ ಹತ್ರಕ್ ಬಿಟ್ಕತಿದ್ದಾ?"

ಬಿಟ್ಟುಕೊಳ್ಳುತ್ತಿರಲಿಲ್ಲ. ಕಲ್ಲಿನ ಆಚೆಗೇ ನಿಲ್ಲಿಸುತ್ತಿದ್ದೆ.